ತೊಳೆದಿಟ್ಟಂತೆ ಬಂದ ತಟ್ಟೆ

ಜಯನಗರದ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತಿದ್ದ ವಿಭಾಗಕ್ಕೆ ಬೋರ್ಡಿನ ಮೇಲೆ ‘ಪೋಷಣೆ ಮತ್ತು ಪಥ್ಯಶಾಸ್ತ್ರ’ ಎಂದು ಬರೆದಿತ್ತು. ಕಾಲೇಜಿನ ಉಳಿದವರ ಬಾಯಲ್ಲಿ ಅದು ‘ಅಡುಗೆ ಡಿಪಾರ್ಟ್‌ಮೆಂಟು’. ವಾರ್ಷಿಕೋತ್ಸವ ಬಂತೆಂದರೆ ಪ್ರಾಂಶುಪಾಲರು ನನ್ನನ್ನು ಕರೆಸಿ, ಅತಿಥಿಗಳಿಗೆ ನಿಮ್ಮ ಹುಡುಗಿಯರ ಕೈಯಲ್ಲಿ ಒಂದಿಷ್ಟು ಕೇಸರಿಭಾತು ಮಾಡಿಸಿಬಿಡಿ ಎನ್ನುತ್ತಿದ್ದರು. ಒಂದು ವರ್ಷ ಮಾಡಿಸಿದೆ. ಆ ವಾರ ನಮ್ಮ ಲ್ಯಾಬಿನಲ್ಲಿ ಸಕ್ಕರೆ ಕಾಯಿಲೆಯವರ ಪಥ್ಯದ ಪ್ರಾಕ್ಟಿಕಲ್ ನಡೆಯುತ್ತಿತ್ತು, ಅದೇ ಅಳತೆಗೆ ಸಕ್ಕರೆ ಹಾಕಿಸಿದೆ. ಮುಂದಿನ ವರ್ಷದಿಂದ ಕೇಸರಿಭಾತು ಹೋಟೆಲಿನಿಂದ ಬಂತು.

ನಿವೃತ್ತಳಾದ ಮೇಲೆ ಹೊಸದಾಗಿ ಸೇರುವ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಆಗಾಗ ಕರೆಯುತ್ತಾರೆ. ವೇದಿಕೆ ಮೇಲೆ ನಿಂತರೆ ನನ್ನ ಬಾಯಿಗೆ ಉಪದೇಶವೇ ಬರುತ್ತದೆ, ಅದು ಯಾರಿಗೂ ಬೇಡ. ಅದಕ್ಕೇ ಬರೆಯಲು ಕೂತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಬಿ.ಎಸ್ಸಿ. ಮುಗಿದ ದಿನ ಯಾರೂ ನೋಂದಾಯಿತ ಡಯಟೀಷಿಯನ್ ಆಗುವುದಿಲ್ಲ. ಅದು ಹೊಸ್ತಿಲು ಅಷ್ಟೆ. ಆಮೇಲೆ ಸ್ನಾತಕೋತ್ತರ ಓದು, ಆಸ್ಪತ್ರೆಯಲ್ಲಿ ತರಬೇತಿ, ಅದರ ಮೇಲೊಂದು ಪರೀಕ್ಷೆ. ಇಷ್ಟೆಲ್ಲ ದಾಟಿದವರ ಹೆಸರಿನ ಪಕ್ಕ ಆರ್.ಡಿ. ಎಂಬ ಎರಡು ಅಕ್ಷರ ಕೂರುತ್ತವೆ. ಈಗ ಫೋನಿನಲ್ಲಿ ಒಂದು ವಿಡಿಯೊ ಹಾಕಿದವರೆಲ್ಲ ತೂಕ ಇಳಿಸುವ ಸಲಹೆ ಕೊಡುತ್ತಾರೆ. ಅವರ ಹತ್ತಿರ ಜನ ಹೋಗುವುದು ಸಣ್ಣಗಾಗಲು. ನಮ್ಮ ಹತ್ತಿರ ಬರುವವರು ಬದುಕಿಕೊಳ್ಳಲು ಬರುತ್ತಾರೆ. ಎರಡಕ್ಕೂ ಒಂದೇ ಓದು ಸಾಲದು.

ನನ್ನದೊಂದು ನಿಯಮವಿತ್ತು. ಯಾವ ಪಥ್ಯವನ್ನು ರೋಗಿಗೆ ಬರೆಯುತ್ತೀರೋ ಅದನ್ನು ಮೊದಲು ನೀವು ಉಣ್ಣಬೇಕು. ಪಠ್ಯಕ್ರಮದಲ್ಲಿ ಇದು ಇರಲಿಲ್ಲ. ಮೂತ್ರಪಿಂಡದ ಕಾಯಿಲೆಯ ಪಾಠ ನಡೆಯುವ ವಾರವೆಲ್ಲ ನನ್ನ ಹುಡುಗಿಯರಿಗೆ ಮಧ್ಯಾಹ್ನ ಅದೇ ಊಟ. ಸೊಪ್ಪು ತರಕಾರಿಯನ್ನು ಬೇಯಿಸಿ, ನೀರು ಚೆಲ್ಲಿ, ಉಪ್ಪಿಲ್ಲದೆ ಮಾಡಿದ ಪಲ್ಯ, ಉಪ್ಪಿಲ್ಲದ ಅನ್ನ, ಉಪ್ಪಿಲ್ಲದ ಸಾರು. ಎರಡನೇ ದಿನಕ್ಕೇ ಕಣ್ಣೀರು ಶುರು. ಬನಶಂಕರಿಯಿಂದ ಬರುತ್ತಿದ್ದ ಒಬ್ಬಳು ಪೆನ್ಸಿಲ್ ಡಬ್ಬಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ತಂದಿದ್ದಳು. ವಾಸನೆ ಹಿಡಿದು ಹೋಗಿ ಡಬ್ಬಿ ತೆಗೆಸಿದೆ. ತಾಯಂದಿರು ಫೋನ್ ಮಾಡಿ, ನಮ್ಮ ಮಗಳೇನು ರೋಗಿಯಾ ಎಂದು ಜಗಳಕ್ಕೆ ಬಂದರು. ಅಲ್ಲ, ರೋಗಿಯ ನಾಲಿಗೆ ಏನು ಅನುಭವಿಸುತ್ತದೆ ಎಂದು ಗೊತ್ತಾಗಲಿ ಎಂದೆ. ಆ ಮಾತನ್ನು ಒಪ್ಪಿದವರು ಕಡಿಮೆ.

ಆಗ ಲೆಕ್ಕವೆಲ್ಲ ಕೈಯಲ್ಲಿ ನಡೆಯುತ್ತಿತ್ತು. ಯಾವ ಕಾಳಿನಲ್ಲಿ ಎಷ್ಟು ಪ್ರೋಟೀನು, ಯಾವ ಸೊಪ್ಪಿನಲ್ಲಿ ಎಷ್ಟು ಕಬ್ಬಿಣ ಎಂದು ಪುಸ್ತಕ ತೆರೆದು ನೋಡಿ ಕೂಡಿಸಬೇಕು. ಈಗ ಆಪ್ ಇದೆ, ಊಟದ ಹೆಸರು ಹೊಡೆದರೆ ಕ್ಯಾಲೊರಿ ಹೇಳುತ್ತದೆ. ಪಿಜ್ಜಾ ಅದಕ್ಕೆ ಚೆನ್ನಾಗಿ ಗೊತ್ತು. ಬಸ್ಸಾರು ಎಂದು ಹೊಡೆದರೆ ತಬ್ಬಿಬ್ಬಾಗುತ್ತದೆ. ರೋಗಿ ‘ಒಂದು ಸೌಟು’ ಎಂದರೆ ಎಷ್ಟು ಎನ್ನುವುದು ಆಪಿಗೂ ಗೊತ್ತಿಲ್ಲ, ಪುಸ್ತಕಕ್ಕೂ ಗೊತ್ತಿರಲಿಲ್ಲ. ಅದಕ್ಕೇ ಮೊದಲ ವರ್ಷದಲ್ಲಿ ಎಲ್ಲರೂ ಮನೆಯಿಂದ ತಮ್ಮ ತಮ್ಮ ಸೌಟು ತರಬೇಕು ಎನ್ನುತ್ತಿದ್ದೆ. ಮೇಜಿನ ಮೇಲೆ ಸಾಲಾಗಿ ಇಟ್ಟರೆ ಒಂದರಂತೆ ಒಂದಿಲ್ಲ. ಒಂದು ಮನೆಯ ಒಂದು ಸೌಟು ಇನ್ನೊಂದು ಮನೆಯ ಮೂರು. ಮದುವೆ ಮನೆಯಲ್ಲಿ ಬಡಿಸುವಂಥ ಸೌಟೂ ಒಂದು ಬಂದಿತ್ತು.

ಶಿವಲೀಲಾ ನನ್ನ ಕಣ್ಣಿಗೆ ಬಿದ್ದದ್ದು ಆ ಸೌಟಿನ ದಿನ. ಬಾಗಲಕೋಟೆ ಕಡೆಯ ಹುಡುಗಿ. ಅಣ್ಣ ಕೊರಿಯರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ, ಬಿ.ಟಿ.ಎಂ. ಲೇಔಟಿನಲ್ಲಿ ಅವನ ಬಾಡಿಗೆ ಮನೆಯಲ್ಲಿದ್ದಳು. ಅವಳು ಸೌಟು ತಂದಿರಲಿಲ್ಲ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, ತಮ್ಮ ಮನೆಯಲ್ಲಿ ರೊಟ್ಟಿಯೇ ಮುಖ್ಯ, ಪಲ್ಯವನ್ನು ರೊಟ್ಟಿಯ ಮೇಲೆ ಹಾಕಿಕೊಳ್ಳುತ್ತೇವೆ, ಹಾಗಾಗಿ ರೊಟ್ಟಿಯನ್ನೇ ತಂದಿದ್ದೇನೆ ಎಂದು ಬಟ್ಟೆಯಲ್ಲಿ ಸುತ್ತಿದ್ದ ಜೋಳದ ರೊಟ್ಟಿ ತೆಗೆದಿಟ್ಟಳು. ಅದನ್ನು ತೂಗಿದೆವು, ಆಮೇಲೆ ತಿಂದೆವು. ಅವಳು ಮಾತಿನಲ್ಲಿ ಒರಟು, ಕೆಲಸದಲ್ಲಿ ಚುರುಕು. ನನಗೆ ಇಂಥವರು ಇಷ್ಟ.

ಶಿವಲೀಲಾಗೆ ಒಂದೇ ಆಸೆ. ಬಿ.ಎಸ್ಸಿ. ಮುಗಿಸಿ ನಮ್ಮ ಕಾಲೇಜಿನಲ್ಲೇ ಸ್ನಾತಕೋತ್ತರ ಸೀಟು ಪಡೆಯಬೇಕು. ಅಣ್ಣನ ಮನೆಯಿಂದಲೇ ಓಡಾಡಬಹುದು, ಮುಂದೆ ಆರ್.ಡಿ. ಆಗಬಹುದು. ಆ ಸೀಟಿಗೆ ಕೊನೆಯ ವರ್ಷದ ಆಸ್ಪತ್ರೆ ಪೋಸ್ಟಿಂಗಿನ ಅಂಕಗಳೂ ಸೇರುತ್ತಿದ್ದವು. ಪೋಸ್ಟಿಂಗ್ ಎಂದರೆ ವಿದ್ಯಾರ್ಥಿನಿ ಆಸ್ಪತ್ರೆಯ ಆಹಾರ ವಿಭಾಗದಲ್ಲಿ ಕೆಲಸ ಕಲಿಯುವುದು. ಅಂಕ ಕೊಡುವವರು ಅಲ್ಲಿನ ಮುಖ್ಯ ಡಯಟೀಷಿಯನ್. ಅವರ ಸಹಿ ಇಲ್ಲದಿದ್ದರೆ ಸೀಟು ಹಾಗಿರಲಿ, ಡಿಗ್ರಿ ಪರೀಕ್ಷೆಗೂ ಕೂರುವಂತಿಲ್ಲ.

ಅವಳಿಗೆ ಸಿಕ್ಕಿದ್ದು ಜೆ.ಪಿ. ನಗರದ ಒಂದು ಖಾಸಗಿ ಆಸ್ಪತ್ರೆ. ಅಲ್ಲಿ ಮುಖ್ಯಸ್ಥೆ ಪ್ರಭಾ. ನನಗಿಂತ ಚಿಕ್ಕವಳು, ಇಸ್ತ್ರಿ ಮಾಡಿದ ಕೋಟು, ಇಸ್ತ್ರಿ ಮಾಡಿದ ಮಾತು. ಅವಳ ಅಡುಗೆಮನೆ ಕನ್ನಡಿಯಂತಿತ್ತು, ಅದನ್ನು ಒಪ್ಪಲೇಬೇಕು. ರೋಗಿ ಎಷ್ಟು ಉಂಡ ಎಂದು ತಿಳಿಯಲು ಅವಳದೊಂದು ಕ್ರಮ. ಊಟವಾದ ಮೇಲೆ ವಾರ್ಡಿನಿಂದ ತಟ್ಟೆಗಳ ಗಾಡಿ ಕೆಳಗೆ ಬರುತ್ತದಲ್ಲ, ಪೋಸ್ಟಿಂಗಿನ ಹುಡುಗಿಯರು ಲಿಫ್ಟಿನ ಬಾಗಿಲಲ್ಲಿ ನಿಂತು ಒಂದೊಂದೇ ತಟ್ಟೆ ನೋಡಿ, ಪೂರ್ತಿ, ಅರ್ಧ, ಕಾಲು ಎಂದು ಬರೆದು ಸಹಿ ಹಾಕಬೇಕು. ರೋಗಿಯನ್ನು ಕೇಳಿದರೆ ಸುಳ್ಳು ಹೇಳುತ್ತಾನೆ, ತಟ್ಟೆ ಸುಳ್ಳು ಹೇಳುವುದಿಲ್ಲ ಎಂಬುದು ಪ್ರಭಾಳ ಮಾತು. ಬಹಳ ಆಸ್ಪತ್ರೆಗಳಲ್ಲಿ ನಡೆಯುವುದೂ ಹೀಗೆಯೇ.

ಆ ವಾರ್ಡಿನಲ್ಲಿ ಶ್ರೀನಗರ ಬಡಾವಣೆಯ ಶೇಷಗಿರಿರಾಯರೆಂಬ ನಿವೃತ್ತ ಗಣಿತದ ಮೇಷ್ಟ್ರಿದ್ದರು. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಆರದ ಗಾಯ. ಜೊತೆಗೆ ಹೆಂಡತಿ ಪದ್ಮಾವತಮ್ಮ. ಬೆಳಿಗ್ಗೆ ಬಂದರೆ ಕತ್ತಲಾಗುವವರೆಗೂ ಆಕೆ ಮಂಚದ ಪಕ್ಕದ ಸ್ಟೂಲು ಬಿಟ್ಟು ಏಳುತ್ತಿರಲಿಲ್ಲ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆ, ಹಾಗಾಗಿ ರಾಯರ ತಟ್ಟೆಗೆ ಬೇರೆಯೇ ಅಡುಗೆ. ಗಾಯ ಆರಲು ಪ್ರೋಟೀನು ಬೇಕೆಂದು ಶಿವಲೀಲಾ ಬೇಳೆ, ಮೊಸರು, ಮೊಳಕೆ ಕಾಳು ಎಲ್ಲ ಲೆಕ್ಕ ಹಾಕಿ ಸೇರಿಸಿದ್ದಳು. ಅವರ ತಟ್ಟೆ ದಿನವೂ ತೊಳೆದಿಟ್ಟಂತೆ ವಾಪಸು ಬರುತ್ತಿತ್ತು. ಪ್ರಭಾ ಆ ತಟ್ಟೆಯನ್ನು ಉಳಿದ ಹುಡುಗಿಯರಿಗೆ ತೋರಿಸಿ, ಊಟ ಹೀಗೆ ಯೋಜಿಸಬೇಕು ಎಂದಳಂತೆ. ಅಂಕ ಚೆನ್ನಾಗಿ ಬರುತ್ತದೆ ಎಂದು ಶಿವಲೀಲಾ ಖುಷಿಯಾಗಿದ್ದಳು.

ಗಾಯ ಮಾತ್ರ ಆರುತ್ತಿರಲಿಲ್ಲ. ತೂಕ ಇಳಿಯುತ್ತಿತ್ತು. ಮಧ್ಯಾಹ್ನ ಇನ್ಸುಲಿನ್ ಆದ ಮೇಲೆ ಸಕ್ಕರೆ ಒಮ್ಮೆಲೇ ಕುಸಿದು ರಾಯರು ಬೆವರುತ್ತಿದ್ದರು. ಇವರು ಸರಿಯಾಗಿ ಊಟ ಮಾಡುತ್ತಿದ್ದಾರಾ ಎಂದು ಡಾಕ್ಟರು ಕೇಳಿದರೆ, ಪ್ರಭಾ ಹಾಳೆ ತೋರಿಸಿ, ಪೂರ್ತಿ ಹೋಗುತ್ತಿದೆ ಎಂದಳು. ಹೀಗೇ ಆದರೆ ಪಾದದ ಮುಂಭಾಗ ತೆಗೆಯಬೇಕಾಗಬಹುದು ಎಂದು ಡಾಕ್ಟರು ಹೇಳಿ ಹೋದರು.

ಪೋಸ್ಟಿಂಗಿನ ಹುಡುಗಿಯರನ್ನು ನೋಡಲು ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಅಂಥದೊಂದು ದಿನ ಅಡುಗೆಮನೆಯಲ್ಲಿ ಶಿವಲೀಲಾ ಬೈಸಿಕೊಳ್ಳುತ್ತ ನಿಂತಿದ್ದಳು. ರಾಯರ ತಟ್ಟೆ ಹೋದ ಹಾಗೆಯೇ ವಾಪಸು ಬಂದಿತ್ತು. ಅನ್ನ ಒಂದು ಮೂಲೆಯಲ್ಲಿ ಸ್ವಲ್ಪ ಕದಡಿತ್ತು ಅಷ್ಟೆ. ಅವಳ ಗ್ರಹಚಾರಕ್ಕೆ ಅಂದೇ ಅವಳು ಹುರುಳಿಕಾಯಿ ಪಲ್ಯದ ಬದಲು ಸೋರೆಕಾಯಿ ಪಲ್ಯ ಹಾಕಿಸಿದ್ದಳು. ಪ್ರಭಾ, ಚೆನ್ನಾಗಿ ಉಣ್ಣುತ್ತಿದ್ದವರ ಬಾಯಿ ಕೆಡಿಸಿದೆ ಎಂದು ಅವಳ ಮೇಲೆ ಹರಿಹಾಯ್ದಳು. ನಾನೂ ಮಧ್ಯೆ ಬಾಯಿ ಹಾಕಲಿಲ್ಲ. ಬೇರೆಯವರ ಅಡುಗೆಮನೆಯಲ್ಲಿ ಸೌಟಾಡಿಸಬಾರದು.

ಆಮೇಲೆ ಅವಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಅವಳಿಗೆ ಊಟ ಹೇಳಿ ನನಗೊಂದು ಲೋಟ ಹಾಲು ತರಿಸಿಕೊಂಡೆ. ಅವಳು ಅನ್ನ ಕಲಸುತ್ತ ನನ್ನ ಲೋಟ ನೋಡಿದಳು.

“ನೀವ್ಯಾಕ ಉಣ್ಣವಲ್ರಿ ಮೇಡಂ?”

“ಏಕಾದಶಿ ಕಣೇ. ಅನ್ನ ಮುಟ್ಟಲ್ಲ ನಾನು.”

ಅವಳ ಕೈ ಕಲಸುವುದನ್ನು ನಿಲ್ಲಿಸಿತು. ರಾಯರನ್ನು ಬೆಳಿಗ್ಗೆ ಕೇಳಿದ್ದಳಂತೆ, ಉಪವಾಸ ಇದೆಯೇ ಎಂದು. ಡಾಕ್ಟರು ಬೈದ ಮೇಲೆ ತಾನು ಉಪವಾಸ ಬಿಟ್ಟಿದ್ದೇನೆ, ಈಗ ಮಾಡುವುದು ಹೆಂಡತಿ ಒಬ್ಬಳೇ ಎಂದರಂತೆ. ಅಷ್ಟು ಹೇಳಿ ಅವಳು ನನ್ನ ಹಾಲಿನ ಲೋಟವನ್ನೇ ಮತ್ತೆ ನೋಡಿದಳು.

“ಅಜ್ಜಾರು ಉಪಾಸ ಇಲ್ರಿ ಮೇಡಂ,” ಎಂದಳು ನಿಧಾನಕ್ಕೆ. “ಅಮ್ಮಾರು ಅದಾರ. ಅವ್ರು ಉಪಾಸ ಇದ್ದ ದಿನಾನ ತಾಟು ಹಂಗ ಬಂದೈತಿ.”

ಉಳಿದ ದಿನ ಆ ತಟ್ಟೆ ಖಾಲಿ ಮಾಡುತ್ತಿದ್ದವರು ಯಾರೆಂದು ನನಗೂ ಹೊಳೆಯಿತು. ಅವಳು ಕಲಸಿದ ಅನ್ನವನ್ನು ತಿನ್ನಲಾರದೆ, ಬಿಡಲಾರದೆ ಕೂತಿದ್ದಳು. ತಿಂದು ಮುಗಿಸು, ಆಮೇಲೆ ನೋಡೋಣ ಎಂದೆ.

ಮರುದಿನ ಮಧ್ಯಾಹ್ನ ಮತ್ತೆ ಹೋದೆ. ಇಬ್ಬರೂ ವಾರ್ಡಿನ ಪರದೆಯ ಈಚೆ ನಿಂತೆವು. ಕದ್ದು ನೋಡುವುದು ನಾಚಿಕೆಗೇಡು, ಆದರೂ ನಿಂತೆವು. ರಾಯರು ಎರಡು ತುತ್ತು ಬಾಯಿಗಿಟ್ಟರು. ಮೂರನೆಯದನ್ನು ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ನೋಡಿ ತಟ್ಟೆಗೆ ಬಿಟ್ಟರು. ತಟ್ಟೆಯನ್ನು ಹೆಂಡತಿಯ ಕಡೆ ಸರಿಸಿದರು. ಪದ್ಮಾವತಮ್ಮ ಗೋಡೆಯ ಕಡೆ ತಿರುಗಿ ಕೂತು, ಅದೇ ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ಉಂಡರು. ಆಮೇಲೆ ಬೆರಳಿನಿಂದ ತಟ್ಟೆ ಬಳಿದು ಗಾಡಿಗೆ ಇಟ್ಟರು.

ನಾನು ಒಳಗೆ ಹೋಗಿ ಆಕೆಯ ಪಕ್ಕ ಕೂತೆ. ಬೈಯುವ ಮನಸ್ಸಿರಲಿಲ್ಲ. ಆಕೆಯೂ ಬಚ್ಚಿಡಲಿಲ್ಲ. ಆಕೆಗೆ ಅದು ಬಚ್ಚಿಡುವ ವಿಷಯವೇ ಆಗಿರಲಿಲ್ಲ.

“ಏನ್ ಮಾಡ್ಲಿ, ಅವರಿಗೆ ಸೇರಲ್ಲ. ತಟ್ಟೇಲಿ ಬಿಟ್ಟು ಅಭ್ಯಾಸ ಇಲ್ಲ ಅವರಿಗೆ, ಸಂಕಟ ಪಡ್ತಾರೆ. ಅನ್ನ ಚೆಲ್ಲೋಕಾಗತ್ಯೇ? ಮದುವೆ ಆದಾಗ್ಲಿಂದ ಅವರು ಉಂಡ ಎಲೇಲೇ ನಾನು ಉಂಡಿದ್ದು.”

ವಿಚಾರಿಸಿದರೆ ಆಕೆಗೆ ಇಡೀ ದಿನಕ್ಕೆ ಅದೊಂದೇ ಊಟ. ಕ್ಯಾಂಟೀನಿನಲ್ಲಿ ಎಲ್ಲದಕ್ಕೂ ಈರುಳ್ಳಿ ಬೀಳುತ್ತದೆ, ಅದು ಆಗದು. ಮನೆಯಿಂದ ಡಬ್ಬಿ ತರಲು ಅಡುಗೆ ಮಾಡುವವರು ಯಾರೂ ಇಲ್ಲ. ಗಂಡನ ತಟ್ಟೆಯಾದರೆ ಮಡಿ ಮೈಲಿಗೆಯ ಪ್ರಶ್ನೆಯಿಲ್ಲ. ರಾಯರಿಗೂ ಅದು ಗೊತ್ತು. ತಾನು ಉಂಡರೆ ಇವಳಿಗೇನು ಎಂದು ಯೋಚಿಸಿಯೇ ಅವರು ಎರಡು ತುತ್ತಿಗೆ ನಿಲ್ಲಿಸುತ್ತಿದ್ದರೋ, ನಿಜವಾಗಿ ಸೇರುತ್ತಿರಲಿಲ್ಲವೋ ನಾನು ಕೇಳಲಿಲ್ಲ. ಎರಡೂ ಇರಬಹುದು. ಪುಸ್ತಕದಲ್ಲಿ ಇಲ್ಲದ್ದು ಇದೇ ನೋಡಿ. ನಾವು ಒಬ್ಬ ರೋಗಿಗೆ ಎಂದು ಲೆಕ್ಕ ಹಾಕಿದ ತಟ್ಟೆಯ ಮುಂದೆ ಇಬ್ಬರು ಕೂತಿದ್ದರು.

ಹೊರಗೆ ಬಂದ ಮೇಲೆ ನಾನು ಲೋಕಾನುಭವದ ಮಾತಾಡಿದೆ. ಪ್ರಭಾ ಕೋಪಿಷ್ಠೆ, ಸಮಯ ನೋಡಿ ಹೇಳಬೇಕು. ದಿನವೂ ‘ಪೂರ್ತಿ’ ಎಂದು ಬರೆದು ಸಹಿ ಹಾಕಿದವಳು ನೀನು, ಎಲ್ಲ ನಿನ್ನ ತಲೆಗೇ ಬರುತ್ತದೆ. ಪೋಸ್ಟಿಂಗ್ ಮುಗಿಯಲು ಹೆಚ್ಚು ದಿನ ಉಳಿದಿಲ್ಲ, ನಾಳೆ ನಾನೇ ಬಂದು ಮೆತ್ತಗೆ ಮಾತಾಡುತ್ತೇನೆ ಎಂದೆ.

“ನಾಳೆ ಅಂದ್ರ ಇನ್ನೊಂದ್ ದಿನ ಅವ್ರು ಉಣ್ಣಾಂಗಿಲ್ರಿ,” ಎಂದಳು ಶಿವಲೀಲಾ. “ಸೂಜಿ ಮಾತ್ರ ಪೂರ್ತಿ ಊಟದ್ದ ಚುಚ್ಚತಾರ.”

ನಾನು ಮಾತು ಮುಗಿಸುವ ಮೊದಲೇ ಮೆಟ್ಟಿಲಿಳಿದು ಹೋದಳು. ನಾನು ಮಂಡಿನೋವಿನವಳು, ಕೆಳಗೆ ತಲುಪುವಷ್ಟರಲ್ಲಿ ಎಲ್ಲ ಹೇಳಿ ಮುಗಿಸಿದ್ದಳು. ಪ್ರಭಾಳ ಮುಖ ಕೆಂಪಾಗಿತ್ತು. ಮೊದಲು ಡಾಕ್ಟರಿಗೆ ಫೋನ್ ಮಾಡಿ ವಿಷಯ ತಿಳಿಸಿದಳು, ಆ ಮಟ್ಟಿಗೆ ಅವಳದು ಸರಿಯಾದ ಕೆಲಸ. ಆಮೇಲೆ ಶಿವಲೀಲಾ ಕಡೆ ತಿರುಗಿ, ಇಷ್ಟು ದಿನ ತಪ್ಪು ಬರೆದು ಸಹಿ ಹಾಕಿದವಳಿಗೆ ಪಾಸ್ ಎಂದು ತಾನು ಬರೆಯುವುದಿಲ್ಲ ಎಂದಳು.

ನನಗೆ ತಡೆಯಲಾಗಲಿಲ್ಲ. “ಪ್ರಭಾ, ತಟ್ಟೆ ನೋಡಿ ಬರಿ ಅಂತ ಹೇಳಿದ್ದು ಯಾರು?” ಎಂದೆ. ಶಿವಲೀಲಾ ನನ್ನ ಸೆರಗು ಜಗ್ಗಿ ಸುಮ್ಮನಾಗಿಸಿದಳು. ಜಗಳ ಆಮೇಲೆ ಆಡಿ, ರಾತ್ರಿ ಊಟದ ಹೊತ್ತಿಗೆ ರಾಯರಿಗೆ ಏನು ಮಾಡೋಣ ಅದನ್ನು ಹೇಳಿ ಎಂದಳು.

ಏನು ಮಾಡೋಣ ಎನ್ನುವುದನ್ನೂ ಕಡೆಗೆ ಅವಳೇ ಹೇಳಿದಳು. ಪದ್ಮಾವತಮ್ಮನಿಗೆ ತಿನ್ನಬೇಡಿ ಎಂದರೆ ಆಕೆ ಉಪವಾಸ ಕೂರುತ್ತಾರೆ, ಆಗ ರಾಯರೂ ಉಣ್ಣುವುದಿಲ್ಲ. ಹಾಗಾಗಿ ಅದೇ ಅಡುಗೆಯಲ್ಲಿ ಆಕೆಗೂ ಒಂದು ತಟ್ಟೆ. ಆದರೆ ಎರಡೂ ಒಟ್ಟಿಗೆ ಬರಬಾರದು. ರಾಯರದು ಮುಗಿದ ಮೇಲೆ ಆಕೆಯದು. ಗಂಡ ಉಣ್ಣದೆ ಆಕೆ ಉಣ್ಣುವವರಲ್ಲ, ಹೆಂಡತಿ ಹಸಿದಿರುವುದನ್ನು ನೋಡುತ್ತ ರಾಯರು ಕೂರುವವರಲ್ಲ. ಪ್ರಭಾ, ಮಾಡು ಎಂದಳು.

ಶಿವಲೀಲಾ ತಟ್ಟೆಯ ಜೊತೆ ತಾನೂ ಮೇಲೆ ಹೋಗಿ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳಂತೆ. “ಅಜ್ಜಾರ, ನೀವು ಉಂಡ್ರ ಅಮ್ಮಾರ ತಾಟು ಮ್ಯಾಲ ಬರತೈತಿ. ಅವ್ರು ಮುಂಜಾನಿಂದ ಏನೂ ತಿಂದಿಲ್ಲ.” ರಾಯರು, ಇದೇನು ಬ್ಲ್ಯಾಕ್‌ಮೇಲಾ ಎಂದು ಗೊಣಗಿಕೊಂಡೇ ಉಂಡರಂತೆ. ತುತ್ತು ತುತ್ತಿಗೂ ಉಪ್ಪಿಲ್ಲ ಎಂದು ಬೈಯುತ್ತ ಉಂಡರಂತೆ. ಸೇರದವರಿಗೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕೆಂದು ಅವಳು ತಟ್ಟೆಯನ್ನೂ ಚಿಕ್ಕದು ಮಾಡಿಸಿದಳು. ಮಧ್ಯಾಹ್ನದ ಬೆವರು ಮೊದಲು ನಿಂತಿತು. ಗಾಯ ನಿಧಾನಕ್ಕೆ ಕೂಡಿಕೊಂಡು ಬಂತು. ರಾಯರು ಎರಡೂ ಪಾದ ಊರಿಕೊಂಡೇ ಶ್ರೀನಗರಕ್ಕೆ ಹೋದರು.

ಇಲ್ಲಿಗೆ ಎಲ್ಲ ಸುಖಾಂತ್ಯ ಎಂದುಕೊಳ್ಳಬೇಡಿ. ಪ್ರಭಾ ಕೊನೆಗೆ ಸಹಿ ಹಾಕಿದಳು, ಆದರೆ ಪಾಸಾಗಲು ಬೇಕಾದಷ್ಟೇ ಅಂಕ ಕೊಟ್ಟಳು. ನಾನು ಎರಡು ಸಲ ಹೋಗಿ ವಾದಿಸಿದೆ, ಅವಳು ಜಗ್ಗಲಿಲ್ಲ. ನಮ್ಮ ಕಾಲೇಜಿನ ಸ್ನಾತಕೋತ್ತರ ಪಟ್ಟಿಯಲ್ಲಿ ಶಿವಲೀಲಾ ಹೆಸರು ಬರಲಿಲ್ಲ. ಸತ್ಯ ಹೇಳಿದ್ದಕ್ಕೆ ಸೀಟು ಹೋಯಿತು. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ನ್ಯಾಯಕ್ಕೆ ಇಷ್ಟು ಹೇಳಬೇಕು, ಆ ವರ್ಷದಿಂದ ಪ್ರಭಾಳ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಇರುವವರಿಗೂ ಊಟದ ತಟ್ಟೆ ಶುರುವಾಯಿತು. ಅದು ಯಾರಿಂದ ಎಂದು ಅವಳು ಯಾರಿಗೂ ಹೇಳಲಿಲ್ಲ.

ಶಿವಲೀಲಾ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದಿದಳು. ನೋಂದಣಿಯ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾಗಿ ಫೋನಿನಲ್ಲಿ ಅತ್ತಳು. ನಾನು ಬೈದೆ. ಎರಡನೇ ಸಲ ಪಾಸಾದಳು. ಆಗ ಅತ್ತದ್ದು ನಾನು.

ಈ ವರ್ಷ ನನ್ನ ಮಂಡಿ ಆಪರೇಷನ್ನಾಯಿತು. ಉತ್ತರಹಳ್ಳಿ ಕಡೆಯ ಒಂದು ಆಸ್ಪತ್ರೆಯಲ್ಲಿ ಶಿವಲೀಲಾ ಈಗ ಡಯಟೀಷಿಯನ್, ಅದಕ್ಕೇ ಹುಡುಕಿಕೊಂಡು ಅಲ್ಲಿಗೇ ಹೋಗಿ ಸೇರಿದೆ. ನೋಡಿಕೊಳ್ಳಲು ಜೊತೆಗೆ ನನ್ನ ತಂಗಿ ಸುಧಾ ಇದ್ದಳು. ನನಗೆ ರಕ್ತದೊತ್ತಡ, ಹಾಗಾಗಿ ಊಟಕ್ಕೆ ಉಪ್ಪಿಲ್ಲ. ಮೊದಲ ಮಧ್ಯಾಹ್ನ ಬಂದದ್ದು ಸೋರೆಕಾಯಿ ಪಲ್ಯ. ಒಂದು ತುತ್ತು ತಿಂದೆ. ಅಷ್ಟು ವರ್ಷ ಅಷ್ಟು ಹುಡುಗಿಯರಿಗೆ ಬಲವಂತವಾಗಿ ತಿನ್ನಿಸಿದ ಊಟ ಇದೇ ಎಂದು ನೆನಪಾಯಿತು. ಆದರೂ ನಾಲಿಗೆ ಕೇಳಬೇಕಲ್ಲ. ಬಟ್ಟಲನ್ನು ಮೆಲ್ಲಗೆ ಸುಧಾ ಕಡೆ ಸರಿಸಿದೆ.

ಅಷ್ಟರಲ್ಲಿ ಪೋಸ್ಟಿಂಗಿನ ಹುಡುಗಿಯೊಬ್ಬಳು ಸ್ಟೂಲು ಎಳೆದುಕೊಂಡು ಕೂತಳು. ನನ್ನ ಪರಿಚಯ ಅವಳಿಗಿರಲಿಲ್ಲ. ನನ್ನ ಮುಖವನ್ನಾಗಲಿ ತಟ್ಟೆಯನ್ನಾಗಲಿ ನೋಡದೆ ಸುಧಾ ಕಡೆ ತಿರುಗಿದಳು.

“ಆಂಟಿ, ನಿಮ್ದು ಊಟ ಆಯ್ತಾ?”

ಆಯ್ತಮ್ಮ ಎಂದಳು ಸುಧಾ. ಬೆಳಿಗ್ಗೆಯಿಂದ ಅವಳು ಕುಡಿದದ್ದು ಒಂದು ಲೋಟ ಕಾಫಿ.

“ಪರವಾಗಿಲ್ಲ, ನಿಮಗೂ ತಟ್ಟೆ ಬರುತ್ತೆ. ಇವರದು ಮುಗೀಲಿ,” ಎಂದು ಹುಡುಗಿ ಕೈ ಕಟ್ಟಿಕೊಂಡು ಕೂತಳು. ಏಳುವ ಲಕ್ಷಣ ಕಾಣಲಿಲ್ಲ.

ಬಟ್ಟಲನ್ನು ನನ್ನ ಕಡೆಗೇ ಎಳೆದುಕೊಂಡೆ. ಸುಧಾಗೆ ಹಸಿವಾಗಿತ್ತು. ಪಲ್ಯ ಪೂರ್ತಿ ತಿಂದೆ.